ಹಿಸುಕಿದರೂ ಬಾಯಿ ಬಿಡದ ಗುಳ್ಳೆ

ಮೊಡವೆಗೆ ಬಾಯಿ ಇರುತ್ತದೆ. ಹಿಸುಕಿದರೆ ಕೀವೋ ಜಿಡ್ಡೋ ಏನೋ ಒಂದು ಹೊರಬರುತ್ತದೆ. ಕಲೆ ಉಳಿದರೂ ಹಿಸುಕಿದವರಿಗೆ ಗೆದ್ದ ಸಮಾಧಾನ. ಕಣ್ಣಿನ ಕೆಳಗೆ, ರೆಪ್ಪೆಯ ಮೇಲೆ ರವೆಯ ಕಾಳಿನಂತೆ ಎದ್ದು ನಿಲ್ಲುವ ಬಿಳಿ ಗುಳ್ಳೆಗೆ ಬಾಯಿಯೇ ಇಲ್ಲ. ಎಷ್ಟು ಹಿಸುಕಿದರೂ ಅದು ಅಲ್ಲೇ ಇರುತ್ತದೆ. ಸುತ್ತಲಿನ ಚರ್ಮ ಮಾತ್ರ ಕೆಂಪಾಗಿ ಊದಿಕೊಳ್ಳುತ್ತದೆ, ಕೆಲವು ದಿನಕ್ಕೆ ಊತ ಇಳಿದು ಕಪ್ಪು ಕಲೆ ಉಳಿಯುತ್ತದೆ. ಕಣ್ಣಿನ ಸುತ್ತ ಏಳುವ ಗುಳ್ಳೆಗಳ ಕತೆ ಹೆಚ್ಚುಕಡಿಮೆ ಇಷ್ಟೇ. ಗುಳ್ಳೆಯಿಂದ ಆಗುವ ತೊಂದರೆ ಕಡಿಮೆ, ಅದನ್ನು ತೆಗೆಯಲು ಹೊರಟ ಕೈಯಿಂದ ಆಗುವುದೇ ಜಾಸ್ತಿ.

ಈ ಬಿಳಿ ಗುಳ್ಳೆಗಳನ್ನು ವೈದ್ಯರು ಮಿಲಿಯಾ ಎನ್ನುತ್ತಾರೆ. ಒಂದೆರಡು ಮಿಲಿಮೀಟರ್ ಗಾತ್ರ, ಮುಟ್ಟಿದರೆ ಗಟ್ಟಿ, ನೋವಿಲ್ಲ, ತುರಿಕೆಯಿಲ್ಲ. ಒಳಗಿರುವುದು ಕೀವೂ ಅಲ್ಲ, ಕೊಬ್ಬೂ ಅಲ್ಲ, ಕೆರಾಟಿನ್. ನಮ್ಮ ಉಗುರು, ಕೂದಲು ಆಗಿರುವುದೂ ಇದೇ ಪ್ರೋಟೀನಿನಿಂದ. ಚರ್ಮದ ಕೋಶಗಳು ಕೆಳಗೆ ಹುಟ್ಟಿ, ಮೇಲೆ ಬರುತ್ತ ಸತ್ತು, ನಮಗೆ ಗೊತ್ತಾಗದಂತೆ ಉದುರಿಹೋಗುತ್ತಿರುತ್ತವೆ. ಕಣ್ಣಿಗೆ ಕಾಣದಷ್ಟು ನವಿರಾದ ಕೂದಲಿನ ಬುಡದಲ್ಲೋ ಬೆವರಿನ ನಾಳದಲ್ಲೋ ಆ ಉದುರುವಿಕೆಗೆ ದಾರಿ ತಪ್ಪಿದರೆ ಕೆರಾಟಿನ್ ಒಳಗೇ ಉಳಿದು ಅದರ ಸುತ್ತ ತೆಳ್ಳಗಿನ ಚೀಲ ಕಟ್ಟಿಕೊಳ್ಳುತ್ತದೆ. ಚೀಲದ ಮೇಲೆ ಚರ್ಮದ ಮುಚ್ಚಳ. ಹೊರಗೆ ಬರಲು ರಂಧ್ರವಿಲ್ಲದ್ದರಿಂದ ಹಬೆ ಹಿಡಿದರೂ, ಉಜ್ಜಿದರೂ, ಮೊಡವೆಯ ಜೆಲ್ ಹಚ್ಚಿದರೂ ಅದು ಜಗ್ಗುವುದಿಲ್ಲ. ಮೊಡವೆ ಏಳುವ ಬಗೆಯ ಜಿಡ್ಡುಗ್ರಂಥಿಗಳು ರೆಪ್ಪೆಯ ಚರ್ಮದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಿರುವಾಗ ಬೆಂಝಾಯಿಲ್ ಪೆರಾಕ್ಸೈಡ್, ಸ್ಯಾಲಿಸಿಲಿಕ್ ಆಮ್ಲದ ಜೆಲ್‌ಗಳನ್ನು ಅಲ್ಲಿಗೆ ಒಯ್ಯುವುದು ಕಣ್ಣುರಿಯನ್ನು ಕರೆದು ಕೂರಿಸಿದ ಹಾಗೆ.

ಹುಟ್ಟಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೂಗು, ಕೆನ್ನೆ, ಕಣ್ಣಿನ ಸುತ್ತ ಇಂಥ ಬಿಳಿ ಚುಕ್ಕಿಗಳಿರುತ್ತವೆ. ಅದೇ ಬಗೆಯ ಚುಕ್ಕಿಗಳು ಎಷ್ಟೋ ಕೂಸುಗಳ ಅಂಗುಳಿನಲ್ಲೂ ವಸಡಿನಲ್ಲೂ ಕಾಣುತ್ತವೆ. ಮನೆಯವರು ಹಲ್ಲು ಬಂತೆಂದು ಬೆರಗಾಗುವುದುಂಟು. ಎರಡೂ ಕೆಲವೇ ವಾರಗಳಲ್ಲಿ ತಾವಾಗಿಯೇ ಹೋಗುತ್ತವೆ. ಬಾಣಂತನ ಮಾಡುವ ಅಜ್ಜಿಯರ ಕೈಗುಣದ ಬಗ್ಗೆ ನನಗೆ ಬೇಕಾದಷ್ಟು ಗೌರವವಿದೆ, ಆದರೆ ಎಳೆಗೂಸಿನ ಮುಖವನ್ನು ಕಡಲೆಹಿಟ್ಟು ಹಾಕಿ ತಿಕ್ಕಿ ಆ ಚುಕ್ಕಿಗಳನ್ನು ಕಿತ್ತು ತೆಗೆಯುವ ಉತ್ಸಾಹ ಮಾತ್ರ ಬೇಡ. ಸ್ನಾನ ಮಾಡಿಸಿ ಮೆತ್ತಗೆ ಒರೆಸಿದರೆ ಸಾಕು.

ದೊಡ್ಡವರಲ್ಲಿ ಮಿಲಿಯಾ ಇಷ್ಟು ಬೇಗ ಜಾಗ ಖಾಲಿ ಮಾಡುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇರುತ್ತವೆ. ಕಾರಣವೇ ಇಲ್ಲದೆ ಬರುವವೂ ಇವೆ. ಸುಟ್ಟ ಗಾಯ, ಬೊಬ್ಬೆ ಎದ್ದು ಒಣಗಿದ ಜಾಗ, ಚರ್ಮ ಕೆರೆಯುವ ಸೌಂದರ್ಯ ಚಿಕಿತ್ಸೆ, ಬಹುಕಾಲ ಹಚ್ಚಿದ ಸ್ಟೀರಾಯ್ಡ್ ಕ್ರೀಮು ಇವುಗಳ ಬೆನ್ನಿಗೆ ಬರುವವೂ ಇವೆ. ಚರ್ಮವೈದ್ಯರು ಮಾಡುವ ಕೆಲಸ ನೋಡಲು ತೀರ ಸರಳ. ಶುದ್ಧೀಕರಿಸಿದ ಸೂಜಿಯಿಂದಲೋ ಚೂಪು ಬ್ಲೇಡಿನ ತುದಿಯಿಂದಲೋ ಮುಚ್ಚಳದಲ್ಲಿ ಕೂದಲೆಳೆಯಷ್ಟು ಸೀಳು ಮಾಡಿ ಒಳಗಿನ ಬಿಳಿ ಕಾಳನ್ನು ಎತ್ತಿಬಿಡುತ್ತಾರೆ. ಕ್ಷಣಗಳ ಕೆಲಸ, ಕಲೆಯೂ ಸಾಮಾನ್ಯವಾಗಿ ಉಳಿಯುವುದಿಲ್ಲ. ಹಾಗಾದರೆ ಮನೆಯಲ್ಲೇ ಮಾಡಿಕೊಂಡರೇನು ಎಂದು ಸೇಫ್ಟಿ ಪಿನ್ ಕೈಗೆತ್ತಿಕೊಳ್ಳುವವರಿಗೆ ಒಂದು ಮಾತು. ರೆಪ್ಪೆಯ ಚರ್ಮ ಇಡೀ ದೇಹದಲ್ಲೇ ಅತಿ ತೆಳು, ಒಂದು ಮಿಲಿಮೀಟರಿಗೂ ಕಡಿಮೆ. ಅದರ ಅಡಿಯಲ್ಲಿ ಮೆತ್ತೆಯಂತೆ ಕೊಬ್ಬಿನ ಪದರವೂ ಇಲ್ಲ. ಅಲ್ಲಿ ಸೋಂಕು ತಗುಲಿದರೆ ರಾತ್ರಿ ಬೆಳಗಾಗುವುದರೊಳಗೆ ಕಣ್ಣು ತೆರೆಯಲಾರದಷ್ಟು ಬಾವು ಬರಬಲ್ಲದು. ಕನ್ನಡಿ ನೋಡಿಕೊಂಡು ಸ್ವಂತ ಕಣ್ಣಿನ ಪಕ್ಕಕ್ಕೆ ಸೂಜಿ ತರುವ ಕೈ ಎಷ್ಟು ಪಳಗಿದ್ದರೂ ಕಡಿಮೆಯೇ.

ಎಲ್ಲ ಸಣ್ಣ ಗುಳ್ಳೆಯೂ ಮಿಲಿಯಾ ಅಲ್ಲ ಎಂಬುದು ಮುಂದಿನ ತೊಡಕು. ಕೆಳರೆಪ್ಪೆಯ ಮೇಲೆ ಎರಡೂ ಕಡೆ ಸಮನಾಗಿ, ಮೈಬಣ್ಣದವೋ ತುಸು ಹಳದಿ ಛಾಯೆಯವೋ ಆದ, ಒಂದರಿಂದ ಮೂರು ಮಿಲಿಮೀಟರಿನ ಗುಳ್ಳೆಗಳು ಗುಂಪಾಗಿ ಎದ್ದಿದ್ದರೆ ಅವು ಹೆಚ್ಚಾಗಿ ಸಿರಿಂಗೋಮಾ. ಬೆವರಿನ ನಾಳದ ಕೋಶಗಳು ಬೆಳೆದು ಆದ ನಿರುಪದ್ರವಿ ಗಂಟುಗಳಿವು. ಹೆಂಗಸರಲ್ಲಿ ಹೆಚ್ಚು, ಪ್ರಾಯಕ್ಕೆ ಬರುವ ಹೊತ್ತಿಗೆ ಕಾಣಿಸಿಕೊಂಡು ನಿಧಾನವಾಗಿ ಸಂಖ್ಯೆ ಏರಿಸಿಕೊಳ್ಳುತ್ತವೆ. ತಾಯಿಗಿದ್ದರೆ ಮಗಳಿಗೆ ಬರುವುದೂ ಉಂಟು. ಇವುಗಳ ಬೇರು ಚರ್ಮದ ಒಳಪದರದಲ್ಲಿರುವುದರಿಂದ ಸೀಳಿ ಎತ್ತಿದರೆ ಹೊರಬರುವ ಕಾಳು ಒಳಗೆ ಇರುವುದಿಲ್ಲ. ವಿದ್ಯುತ್ ಸೂಜಿಯಿಂದಲೋ ಕಾರ್ಬನ್ ಡೈಆಕ್ಸೈಡ್ ಲೇಸರಿನಿಂದಲೋ ಸುಡಬೇಕು. ಹೆಚ್ಚು ಆಳಕ್ಕೆ ಸುಟ್ಟರೆ ಕಲೆ, ಕಡಿಮೆ ಸುಟ್ಟರೆ ಗುಳ್ಳೆ ಮತ್ತೆ ಹಾಜರು. ನಮ್ಮಂಥ ಗೋಧಿಬಣ್ಣ, ಎಣ್ಣೆಗೆಂಪಿನ ಚರ್ಮದಲ್ಲಿ ಸುಟ್ಟ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುವ ಸಂಭವ ಬಿಳಿಯರಿಗಿಂತ ಜಾಸ್ತಿ. ಮದುವೆಗೆ ಹದಿನೈದು ದಿನ ಇರುವಾಗ ಬಂದು ‘ಇದನ್ನು ತೆಗೆದುಬಿಡಿ’ ಎಂದು ಕೇಳುವುದು ಇದೇ ಕಾರಣಕ್ಕೆ ಜಾಣತನವಲ್ಲ. ತೆಗೆಸಲೇಬೇಕೆಂದಿದ್ದರೆ ಕೆಲವು ತಿಂಗಳು ಮೊದಲೇ, ಒಂದೆರಡು ಗುಳ್ಳೆಯ ಮೇಲೆ ಪರೀಕ್ಷೆ ಮಾಡಿಸಿ, ಚರ್ಮ ಹೇಗೆ ಮಾಯುತ್ತದೆಂದು ನೋಡಿ ಮುಂದುವರಿಯುವುದು ಒಳ್ಳೆಯದು.

ಕೆನ್ನೆಯ ಮೇಲುಭಾಗದಲ್ಲಿ, ಕಣ್ಣಿನ ಹೊರಮೂಲೆಯಲ್ಲಿ ಕಾಣುವ ಕಪ್ಪು ಸಣ್ಣ ಉಬ್ಬುಗಳನ್ನು ನಮ್ಮ ಜನ ಮಚ್ಚೆ ಎಂದೋ ನರಹುಲಿ ಎಂದೋ ಕರೆಯುತ್ತಾರೆ. ನರಹುಲಿ ವೈರಸ್ಸಿನಿಂದ ಬರುವಂಥದ್ದು, ಹರಡುವಂಥದ್ದು. ಈ ಕಪ್ಪು ಕಾಳುಗಳು ಹರಡುವುದಿಲ್ಲ. 1925ರಲ್ಲಿ ಇಟಲಿಯ ವೈದ್ಯ ಆಲ್ಡೊ ಕ್ಯಾಸ್ಟೆಲಾನಿ ಇವನ್ನು ಬೇರೆಯೇ ಎಂದು ಗುರುತಿಸಿ ಡರ್ಮಟೋಸಿಸ್ ಪ್ಯಾಪ್ಯುಲೋಸಾ ನೈಗ್ರಾ ಎಂದು ಹೆಸರಿಟ್ಟ. ಕಂದು, ಕಪ್ಪು ಮೈಬಣ್ಣದವರಿಗೆ ಬರುವಂಥದ್ದು. ಹಾಲಿವುಡ್ ನಟ ಮಾರ್ಗನ್ ಫ್ರೀಮನ್ ಮುಖದಲ್ಲಿ ಎಲ್ಲರೂ ನೋಡಿರುವುದು ಇದನ್ನೇ. ಅವರ ವೃತ್ತಿಗೆ ಅದರಿಂದ ಏನೂ ಕಡಿಮೆಯಾಗಲಿಲ್ಲ. ಇನ್ನು ಸೆಕೆ ಬಂದಾಗ ಉಬ್ಬಿ, ತಂಪಾದಾಗ ಇಳಿಯುವ, ನೀರು ತುಂಬಿದಂತೆ ನೀಲಿ ಛಾಯೆಯಲ್ಲಿ ಹೊಳೆಯುವ ಗುಳ್ಳೆಯೂ ಒಂದಿದೆ. ಬೆವರಿನ ಗ್ರಂಥಿಯ ನೀರುಚೀಲ ಅದು. ಬಿಸಿಯೆದುರು ದಿನವಿಡೀ ಕೆಲಸ ಮಾಡುವವರಲ್ಲಿ, ಅದರಲ್ಲೂ ಅಡುಗೆಯ ಹೆಂಗಸರಲ್ಲಿ ಇದು ಕಾಣುತ್ತದೆಂದು ವೈದ್ಯರು 19ನೇ ಶತಮಾನದ ಕೊನೆಯಲ್ಲೇ ಗಮನಿಸಿದ್ದರು. ಒಲೆಯ ಮುಂದಿನ ಕೆಲಸ ಕಡಿಮೆಯಾದರೆ ಗುಳ್ಳೆಯೂ ಇಳಿಯುತ್ತದೆ. ಮನೆಯ ಗಂಡಸರು ಇದನ್ನು ಗಮನಿಸಿ ಓದಬಹುದು.

ಇಲ್ಲಿಯವರೆಗೆ ಹೇಳಿದವುಗಳಿಗೆ ಯಾವ ರಕ್ತಪರೀಕ್ಷೆಯೂ ಬೇಡ, ಮನಸ್ಸು ಕೊರೆಯದಿದ್ದರೆ ಚಿಕಿತ್ಸೆಯೂ ಬೇಡ. ಹಳದಿಯದಕ್ಕೆ ಮಾತ್ರ ಬೇರೆ ನ್ಯಾಯ.

ಮೂಗಿನ ಕಡೆಯ ಕಣ್ಣಿನ ಮೂಲೆಯಲ್ಲಿ, ಹೆಚ್ಚಾಗಿ ಮೇಲ್ರೆಪ್ಪೆಯ ಮೇಲೆ, ಬೆಣ್ಣೆ ಬಣ್ಣದ ಮೆತ್ತನೆಯ ಪಟ್ಟಿ ಮೂಡಿದರೆ ಅದು ಜ್ಯಾಂಥೆಲಾಸ್ಮಾ. ಕೊಲೆಸ್ಟರಾಲ್ ತುಂಬಿಕೊಂಡ ಕೋಶಗಳು ಚರ್ಮದಲ್ಲಿ ಗುಂಪುಗೂಡಿ ಕೂತದ್ದು. ನೋವಿಲ್ಲ, ಕಣ್ಣಿಗೆ ಅಪಾಯವಿಲ್ಲ, ಕ್ಯಾನ್ಸರ್ ಆಗುವುದಿಲ್ಲ. ಚರ್ಮದ ಮಟ್ಟಿಗೆ ನಿರುಪದ್ರವಿಯೇ. ಆದರೆ ಇದು ಬಂದವರಲ್ಲಿ ಸುಮಾರು ಅರ್ಧ ಮಂದಿಯ ರಕ್ತದಲ್ಲಿ ಕೊಬ್ಬಿನ ಲೆಕ್ಕ ಏರುಪೇರಾಗಿರುತ್ತದೆ. ಉಳಿದರ್ಧ ನಿರಾಳವೇ ಎಂದರೆ ಅದೂ ಅಲ್ಲ ಎಂದು ಹೇಳಿದ್ದು ಡೆನ್ಮಾರ್ಕಿನ ಒಂದು ಅಧ್ಯಯನ. ಕೋಪನ್‌ಹೇಗನ್ ನಗರದ 12,745 ಮಂದಿಯನ್ನು 1970ರ ದಶಕದಿಂದ ಹಿಂಬಾಲಿಸಿ, 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಶುರುವಿನಲ್ಲಿ ಅವರಲ್ಲಿ ಶೇ 4.4ರಷ್ಟು ಮಂದಿಗೆ ಈ ಹಳದಿ ಪಟ್ಟಿ ಇತ್ತು. ಮುಂದಿನ ವರ್ಷಗಳಲ್ಲಿ ಹೃದಯಾಘಾತ ಆದದ್ದು ಅಂಥವರಲ್ಲಿ ಹೆಚ್ಚು. ಕೊಲೆಸ್ಟರಾಲ್, ರಕ್ತದೊತ್ತಡ, ಧೂಮಪಾನ ಮುಂತಾದ ಗೊತ್ತಿರುವ ಕಾರಣಗಳನ್ನೆಲ್ಲ ಲೆಕ್ಕದಿಂದ ಕಳೆದ ಮೇಲೂ ಆ ವ್ಯತ್ಯಾಸ ಉಳಿಯಿತು. ವಯಸ್ಸಾದವರ ಕಪ್ಪು ಗುಡ್ಡೆಯ ಸುತ್ತ ಮೂಡುವ ಬೂದು ಉಂಗುರಕ್ಕೆ ಹೃದಯದ ಜತೆ ಅಂಥ ನಂಟು ಆ ಅಧ್ಯಯನದಲ್ಲಿ ಕಾಣಲಿಲ್ಲ.

ಮೊನಾಲಿಸಾಳ ಕಣ್ಣಿನ ಒಳಮೂಲೆಯಲ್ಲೂ ಇಂಥ ಹಳದಿ ಉಬ್ಬು ಇದೆ, ಆಕೆಗೂ ಕೊಲೆಸ್ಟರಾಲ್ ಜಾಸ್ತಿಯಿತ್ತು ಎಂದು ವಾದಿಸಿದ ವೈದ್ಯರಿದ್ದಾರೆ. 500 ವರ್ಷ ಹಳೆಯ ವಾರ್ನಿಷ್ ಮೇಲೆ ಲಿಪಿಡ್ ಪ್ರೊಫೈಲ್ ಮಾಡಲು ಬರುವುದಿಲ್ಲವಾದ್ದರಿಂದ ಆ ವಾದವನ್ನು ಅಲ್ಲಿಗೇ ಬಿಡೋಣ. ನಮ್ಮ ಊರಿನ ಮಾತು ಬೇರೆ. ಭಾರತೀಯರಿಗೆ ಹೃದಯಾಘಾತ ಪಾಶ್ಚಾತ್ಯರಿಗಿಂತ ಬೇಗನೆ ಬರುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ 40 ದಾಟದವರ ಹೃದಯಾಘಾತಗಳನ್ನೇ ಪ್ರತ್ಯೇಕವಾಗಿ ದಾಖಲಿಸಿ ಅಧ್ಯಯನ ಮಾಡಬೇಕಾಗಿ ಬಂದಿದೆ. ಹಾಗಾಗಿ 30–35ರ ವಯಸ್ಸಿನಲ್ಲೇ ಕಣ್ಣಿನ ಮೂಲೆ ಹಳದಿಯಾದರೆ ಚರ್ಮದ ಕ್ಲಿನಿಕ್ಕಿಗಿಂತ ಮೊದಲು ಲ್ಯಾಬಿಗೆ ಹೋಗಿ. ಲಿಪಿಡ್ ಪ್ರೊಫೈಲ್, ಸಕ್ಕರೆ, ಥೈರಾಯ್ಡ್, ಜತೆಗೆ ರಕ್ತದೊತ್ತಡ. ಅಪ್ಪನಿಗೋ ಚಿಕ್ಕಪ್ಪನಿಗೋ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾಗಿದ್ದರೆ ಆ ಮಾತನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು. ವಂಶದಲ್ಲೇ ಕೊಲೆಸ್ಟರಾಲ್ ಏರಿರುವ ಮನೆತನಗಳು ಇವೆ, ಅಂಥವರಿಗೆ ಪಥ್ಯವೊಂದೇ ಸಾಲದು, ಮಾತ್ರೆ ಬೇಕು.

ಮಾತ್ರೆಯಿಂದ ರಕ್ತದ ಕೊಬ್ಬು ಇಳಿದರೂ ಕಣ್ಣಿನ ಪಟ್ಟಿ ಸಾಮಾನ್ಯವಾಗಿ ಅಳಿಸಿಹೋಗುವುದಿಲ್ಲ. ಇದನ್ನು ಕೇಳಿ ನಿರಾಸೆಯಿಂದ ಮಾತ್ರೆ ನಿಲ್ಲಿಸುವವರಿದ್ದಾರೆ. ಮಾತ್ರೆ ಕೊಟ್ಟದ್ದು ಹೃದಯಕ್ಕೆ, ರೆಪ್ಪೆಗಲ್ಲ. ಪಟ್ಟಿಯನ್ನು ಲೇಸರಿನಿಂದಲೋ, ಟ್ರೈಕ್ಲೋರೋ ಅಸಿಟಿಕ್ ಆಮ್ಲವನ್ನು ನಾಜೂಕಾಗಿ ಮುಟ್ಟಿಸಿಯೋ, ದೊಡ್ಡದಿದ್ದರೆ ಕತ್ತರಿಸಿ ಹೊಲಿಗೆ ಹಾಕಿಯೋ ತೆಗೆಯಬಹುದು. ಮತ್ತೆ ಬರುವುದೂ ಅಷ್ಟೇ ಸಾಮಾನ್ಯ. ಇದನ್ನು ಮೊದಲೇ ಹೇಳದೆ ದುಡ್ಡು ತೆಗೆದುಕೊಳ್ಳುವ ಕ್ಲಿನಿಕ್ಕಿನ ಬಗ್ಗೆ ಸಂಶಯ ಪಡುವುದು ತಪ್ಪಲ್ಲ.

ರೆಪ್ಪೆಯ ಅಂಚಿನ ಗುಳ್ಳೆಗಳದ್ದು ಮತ್ತೊಂದು ಕುಲ. ಅಲ್ಲಿ ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಎಣ್ಣೆಗ್ರಂಥಿಗಳು ಸಾಲಾಗಿ ನಿಂತಿರುತ್ತವೆ. 1666ರಲ್ಲಿ ಇವುಗಳನ್ನು ವಿವರವಾಗಿ ಬರೆದ ಜರ್ಮನ್ ವೈದ್ಯ ಹೈನ್‌ರಿಕ್ ಮೈಬೋಮ್‌ನ ಹೆಸರೇ ಅವಕ್ಕೆ ಉಳಿದಿದೆ. ಕಣ್ಣೀರು ಬೇಗ ಆರಿಹೋಗದಂತೆ ಅದರ ಮೇಲೆ ತೆಳುವಾಗಿ ಎಣ್ಣೆ ಹರಡುವುದು ಇವುಗಳ ಕೆಲಸ. ಎಣ್ಣೆ ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡರೆ ರೆಪ್ಪೆಯೊಳಗೆ ಗಂಟು ಕಟ್ಟುತ್ತದೆ. ಕೆಂಪಾಗಿ, ಮುಟ್ಟಿದರೆ ಜೀವ ಹೋಗುವ ಹಾಗೆ ನೋಯುತ್ತಿದ್ದರೆ ಅದು ಸೋಂಕಿನ ಕುರು. ನೋವಿಲ್ಲದೆ ಗಟ್ಟಿಯಾಗಿ ಕೂತಿದ್ದರೆ ಕಲೇಷಿಯಾನ್. ಸುಶ್ರುತ ಸಂಹಿತೆ ರೆಪ್ಪೆಯದೇ 21 ರೋಗಗಳನ್ನು ಪಟ್ಟಿ ಮಾಡುತ್ತದೆ. ಅದರಲ್ಲಿ ಉರಿ, ಚುಚ್ಚುವ ನೋವು ಇರುವ ತಾಮ್ರವರ್ಣದ ಗುಳ್ಳೆ ಒಂದು, ಕೀವಾಗದ, ನೋಯದ, ಎಲಚಿ ಹಣ್ಣಿನಷ್ಟು ದಪ್ಪಗಾಗುವ ಗಟ್ಟಿ ಗಂಟು ಇನ್ನೊಂದು. ಎರಡನ್ನೂ ಬೇರೆ ಬೇರೆ ಹೆಸರಿಟ್ಟು ಗುರುತಿಸಿದ ಆ ಕಣ್ಣು ಬಲು ಸೂಕ್ಷ್ಮ.

ಎರಡಕ್ಕೂ ಮೊದಲ ಔಷಧ ಶಾಖ. ಅಂಗೈಯನ್ನು ಬೆರಳಿನಿಂದ ಉಜ್ಜಿ, ಬಿಸಿಯಾದ ಬೆರಳನ್ನು ಕಣ್ಣಿಗಿಟ್ಟುಕೊಳ್ಳಲು ಹೇಳುತ್ತಿದ್ದ ಹಿರಿಯರ ದಾರಿ ಸರಿಯಾಗಿಯೇ ಇತ್ತು, ಶಾಖ ಮಾತ್ರ ಸಾಲುತ್ತಿರಲಿಲ್ಲ. ಗಟ್ಟಿಯಾದ ಎಣ್ಣೆ ಕರಗಲು ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿ ಹತ್ತು ನಿಮಿಷವಾದರೂ ಸಿಗಬೇಕು, ದಿನಕ್ಕೆ ಮೂರು ನಾಲ್ಕು ಸಲ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಒಂದೆರಡು ನಿಮಿಷಕ್ಕೇ ತಣ್ಣಗಾಗುತ್ತದೆ, ಆದ್ದರಿಂದ ಪಾತ್ರೆಯನ್ನು ಪಕ್ಕದಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಅದ್ದಬೇಕು. ಮಣಿಕಟ್ಟಿನ ಒಳಭಾಗಕ್ಕೆ ಇಟ್ಟುನೋಡಿ ಹಿತವಾಗಿದ್ದರಷ್ಟೇ ಕಣ್ಣಿಗೆ. ನೋಯದ ಗಂಟಾದರೆ ಶಾಖದ ಬೆನ್ನಿಗೇ ಶುದ್ಧ ಬೆರಳಿನಿಂದ ರೆಪ್ಪೆಗೂದಲಿನ ಕಡೆಗೆ ಮೆಲ್ಲಗೆ ನೀವಬೇಕು: ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ. ಹಿಸುಕುವುದು ಬೇರೆ, ನೀವುವುದು ಬೇರೆ. ಕುರು ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ಬಾಯಿ ಬಿಟ್ಟು ಒಣಗುತ್ತದೆ. ಕಲೇಷಿಯಾನ್ ಕರಗಲು ವಾರಗಟ್ಟಲೆ ಹಿಡಿಯಬಹುದು. ಕರಗದೆ ದೊಡ್ಡದಾಗಿ ಕಣ್ಣುಗುಡ್ಡೆಯನ್ನು ಒತ್ತಿದರೆ ನೋಟವೂ ಮಸುಕಾಗುತ್ತದೆ. ಆಗ ಕಣ್ಣಿನ ವೈದ್ಯರು ಮರಗಟ್ಟಿಸಿ, ರೆಪ್ಪೆಯನ್ನು ಮಗುಚಿ, ಒಳಬದಿಯಿಂದ ಸೀಳಿ ಕೆರೆದು ತೆಗೆಯುತ್ತಾರೆ. ಹೊರಗೆ ಗಾಯವೇ ಕಾಣುವುದಿಲ್ಲ. ಪದೇಪದೇ ಗಂಟಾಗುವವರು ತಲೆಯ ಹೊಟ್ಟಿಗೆ ಔಷಧ ಮಾಡಿ, ರಾತ್ರಿ ಮಲಗುವ ಮುನ್ನ ರೆಪ್ಪೆಯ ಒಳಅಂಚಿಗೆ ತೀಡಿದ ಕಾಡಿಗೆಯನ್ನು ತೊಳೆದುಕೊಳ್ಳಿ. ಆ ಅಂಚಿನಲ್ಲೇ ಎಣ್ಣೆಗ್ರಂಥಿಗಳ ಬಾಯಿಗಳಿರುವುದು.

ಈಗ ಕೈಮದ್ದಿನ ವಿಚಾರ. ನರಹುಲಿಗೆ ಸುಣ್ಣ ಮತ್ತು ಸೋಡಾ ಕಲಸಿ ಹಚ್ಚುವುದು, ಬೆಳ್ಳುಳ್ಳಿ ಜಜ್ಜಿ ಕಟ್ಟುವುದು, ಕುದುರೆಕೂದಲು ಬಿಗಿಯುವುದು ನಮ್ಮ ಕಡೆ ಹಳೆಯ ಪದ್ಧತಿಗಳು. ಕೈಬೆರಳಿನ ನರಹುಲಿಯ ಮೇಲೆ ಇವುಗಳಿಂದ ಸಣ್ಣ ಗಾಯವಾದರೆ ಹೇಗೋ ಮಾಯ್ದೀತು. ಕಣ್ಣಿನ ಹತ್ತಿರ ಈ ಧೈರ್ಯ ಬೇಡವೇ ಬೇಡ. ಸುಣ್ಣ ಕ್ಷಾರ, ಆಮ್ಲಕ್ಕಿಂತ ಹೆಚ್ಚು ಆಳಕ್ಕೆ ಕಣ್ಣನ್ನು ಸುಡುತ್ತ ಇಳಿಯುತ್ತದೆ. ಎಲೆಯಡಿಕೆಯ ಸುಣ್ಣದ ಪೊಟ್ಟಣ ಒತ್ತಿದಾಗ ಸಿಡಿದು ಮಕ್ಕಳು ಕಣ್ಣು ಕಳೆದುಕೊಂಡದ್ದನ್ನು ನಮ್ಮ ದೇಶದ ಕಣ್ಣಿನ ಆಸ್ಪತ್ರೆಗಳು ದಾಖಲಿಸಿವೆ. ಅಕಸ್ಮಾತ್ ಬಿದ್ದರೆ ಯಾರಿಗೂ ಕಾಯದೆ ಅಲ್ಲೇ ನಲ್ಲಿಯ ಕೆಳಗೆ ಅರ್ಧ ಗಂಟೆ ಕಣ್ಣು ತೆರೆಸಿ ತೊಳೆಯಬೇಕು, ಆಸ್ಪತ್ರೆಯ ದಾರಿ ಆಮೇಲೆ.

ಸುಣ್ಣಕ್ಕಿಂತ ಸದ್ದಿಲ್ಲದೆ ಕೆಡಿಸುವುದು ಟ್ಯೂಬಿನಲ್ಲಿ ಬರುವ ಕ್ರೀಮು. ಮೆಡಿಕಲ್ ಶಾಪಿನಲ್ಲಿ ‘ಮುಖದ ಗುಳ್ಳೆಗೆ ಏನಾದರೂ ಕೊಡಿ’ ಎಂದರೆ ಕೈಗೆ ಬರುವ ಎಷ್ಟೋ ಟ್ಯೂಬುಗಳಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಸಾಲ್‌ನಂಥ ಬಲವಾದ ಸ್ಟೀರಾಯ್ಡ್ ಇರುತ್ತದೆ. ಚೀಟಿಯಿಲ್ಲದೆ ಇವು ಮಾರಾಟವಾಗುತ್ತಿರುವುದರ ವಿರುದ್ಧ ಚರ್ಮವೈದ್ಯರ ಸಂಘ ಬಹುಕಾಲ ಹೋರಾಡಿದ ಮೇಲೆ, 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಹಚ್ಚುವ ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿ ಬೇಕಾದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಕಾಗದದ ಮೇಲೆ ಸೇರಿತು ಎನ್ನೋಣ. ರೆಪ್ಪೆಯ ತೆಳು ಚರ್ಮ ಈ ಔಷಧವನ್ನು ಬೇರೆ ಕಡೆಗಿಂತ ಬಹಳ ಹೆಚ್ಚು ಹೀರುತ್ತದೆ. ಚರ್ಮ ಇನ್ನಷ್ಟು ತೆಳುವಾಗುತ್ತದೆ, ರಕ್ತನಾಳಗಳು ಕೆಂಪು ಎಳೆಗಳಾಗಿ ಕಾಣತೊಡಗುತ್ತವೆ, ತಿಂಗಳುಗಟ್ಟಲೆ ಹಚ್ಚಿದರೆ ಕಣ್ಣೊಳಗಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು. ಯಾವ ಮಿಲಿಯಾ ಹೋಗಲಿ ಎಂದು ಹಚ್ಚಿದೆವೋ ಅದೇ ಮಿಲಿಯಾ ಹೊಸದಾಗಿ ಏಳುವುದು ಇದರ ಇನ್ನೊಂದು ಫಲ. ಪಾರ್ಲರುಗಳಲ್ಲಿ ಪೆನ್ನಿನಂಥ ಯಂತ್ರದಿಂದ ಗುಳ್ಳೆ ಸುಡುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸುಡುವ ಮೊದಲು ಅದು ಯಾವ ಗುಳ್ಳೆ ಎಂದು ಹೇಳಬಲ್ಲವರು ಅಲ್ಲಿ ಇದ್ದಾರೆಯೇ ಎಂದು ಕೇಳಿದರೆ ಸಾಕು.

ದಿನನಿತ್ಯದ ಆರೈಕೆ ಎಂದು ಹೇಳುವುದಕ್ಕೆ ಬಹಳವಿಲ್ಲ. ಮೇಕಪ್ ಹಾಕಿಕೊಂಡರೆ ಮಲಗುವ ಮುನ್ನ ತೆಗೆಯುವುದು, ಕಣ್ಣಿನ ಸುತ್ತ ಅಂಟಂಟಾದ ದಪ್ಪ ಕ್ರೀಮು ಹಚ್ಚುತ್ತಿದ್ದರೆ ಕೆಲಕಾಲ ಬಿಟ್ಟು ನೋಡುವುದು, ಬಿಸಿಲಿಗೆ ಟೋಪಿ ಅಥವಾ ಕೊಡೆ. ರಾತ್ರಿ ಹಚ್ಚುವ ಅಡಾಪಲೀನ್, ಟ್ರೆಟಿನಾಯಿನ್‌ನಂಥ ರೆಟಿನಾಯ್ಡ್‌ಗಳು ಕೆಲವರ ಮಿಲಿಯಾಕ್ಕೆ ಉಪಯೋಗಕ್ಕೆ ಬರುತ್ತವೆ, ಆದರೆ ವೈದ್ಯರು ಹೇಳಿದ ಜಾಗಕ್ಕೆ ಮಾತ್ರ, ರೆಪ್ಪೆಗೆ ಅಲ್ಲ. ಬಸಿರಿದ್ದರೆ ಎಲ್ಲಿಗೂ ಅಲ್ಲ. ಮಗುವಿನ ರೆಪ್ಪೆಯ ಮೇಲೆ ನಡುವೆ ಗುಳಿಯಿರುವ ಮುತ್ತಿನಂಥ ಗುಳ್ಳೆ ಎದ್ದು ಆ ಕಣ್ಣು ಕೆಂಪಾಗುತ್ತಿದ್ದರೆ ಅದು ಮೊಲಸ್ಕಮ್ ಎಂಬ ವೈರಸ್ಸಿನದು. ಟವೆಲ್ ಬೇರೆ ಮಾಡಿ ವೈದ್ಯರಿಗೆ ತೋರಿಸಬೇಕು.

ಕಾಯಬಾರದ ಸಂದರ್ಭಗಳೂ ಇವೆ. ಗುಳ್ಳೆ ವಾರವಾರಕ್ಕೂ ಬೆಳೆಯುತ್ತಿದ್ದರೆ, ತಾನಾಗಿ ರಕ್ತ ಬಂದು, ಹಕ್ಕಳೆ ಕಟ್ಟಿ, ಮತ್ತೆ ಒಡೆಯುತ್ತಿದ್ದರೆ, ಬಣ್ಣ ಬದಲಾಗುತ್ತಿದ್ದರೆ, ಆ ಜಾಗದ ರೆಪ್ಪೆಗೂದಲು ಉದುರುತ್ತಿದ್ದರೆ ತಡ ಮಾಡಬಾರದು. ಬಾವಿನ ಜತೆ ಜ್ವರ ಬಂದರೆ, ಕಣ್ಣು ಹೊರಳಿಸಿದಾಗ ನೋವಾದರೆ ಅವತ್ತೇ ಆಸ್ಪತ್ರೆ. ಪಾಶ್ಚಾತ್ಯ ದೇಶಗಳಲ್ಲಿ ರೆಪ್ಪೆಯ ಕ್ಯಾನ್ಸರ್ ಎಂದರೆ ಬಹುಪಾಲು ನಿಧಾನವಾಗಿ ಬೆಳೆಯುವ, ದೂರ ಹರಡುವುದು ತೀರ ಅಪರೂಪವಾದ ಬಗೆ. ಭಾರತದಲ್ಲಿ ಎಣ್ಣೆಗ್ರಂಥಿಯದೇ ಕ್ಯಾನ್ಸರಿನ ಪಾಲು ಅಲ್ಲಿಗಿಂತ ಬಹಳ ಹೆಚ್ಚು. ಅದು ಅಪರೂಪದ್ದೇ, ಆದರೆ ವೇಷ ಹಾಕುವುದರಲ್ಲಿ ನಿಪುಣ: ನೋವಿಲ್ಲದ ಕಲೇಷಿಯಾನ್‌ನಂತೆ, ಇಲ್ಲವೇ ಒಂದೇ ಕಣ್ಣಿನಲ್ಲಿ ಬಿಡದೆ ಕಾಡುವ ಕೆಂಪಿನಂತೆ ಕಾಣಿಸಿಕೊಂಡು ತಿಂಗಳುಗಳನ್ನು ತಿನ್ನುತ್ತದೆ. 50 ದಾಟಿದವರಲ್ಲಿ ಒಮ್ಮೆ ಕೆರೆದು ತೆಗೆದ ಗಂಟು ಅದೇ ಜಾಗದಲ್ಲಿ ಮತ್ತೆ ಎದ್ದರೆ, ಎರಡನೆಯ ಸಲ ತೆಗೆದ ತುಣುಕನ್ನು ಬಕೆಟ್ಟಿಗೆ ಹಾಕದೆ ಪೆಥಾಲಜಿ ಲ್ಯಾಬಿಗೆ ಕಳಿಸುವಂತೆ ರೋಗಿಯೇ ಬಾಯಿಬಿಟ್ಟು ಕೇಳಬೇಕು. ಒಳ್ಳೆಯ ಕಣ್ಣಿನ ವೈದ್ಯರು ಕೇಳುವ ಮೊದಲೇ ಕಳಿಸಿರುತ್ತಾರೆ.